ಮೂರನೆಯ ಹಾಡಿನ ಆ ಒಂದು ಏಟು

ಭಾನುವಾರ ಬೆಳಿಗ್ಗೆ ರೆಕಾರ್ಡ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಗಂಡಸರು ಕೈಕಟ್ಟಿ, ಬಾಯಿ ಹೊಲಿದುಕೊಂಡು, ತಿರುಗುತ್ತಿದ್ದ ಕಪ್ಪು ತಟ್ಟೆಯನ್ನೇ ನೋಡುತ್ತ ಕೂತಿದ್ದರು. ಹೊರಗಿನವರು ಯಾರಾದರೂ ಇಣುಕಿದ್ದರೆ ಒಳಗೆ ಹೆಣ ಇಟ್ಟಿದ್ದಾರೆ ಅಂದುಕೊಳ್ಳಬೇಕು, ಅಂಥ ಮುಖಗಳು. ತಟ್ಟೆಯ ಹೆಸರೂ ‘ಹೆಣಭಾರ’ ಎಂದೇ ಇತ್ತು. ‘ತುಕ್ಕು’ ಎಂಬ, ವೇಗ ಅಬ್ಬರಗಳ ಮೆಟಲ್ ಬ್ಯಾಂಡಿನ ಏಳನೆಯ ರೆಕಾರ್ಡು ಅದು, ನಾಲ್ಕು ವರ್ಷ ಕಾಯಿಸಿ ಬಂದದ್ದು.

ಈ ನಾಲ್ವರಿಗೆ ಒಂದು ಕಟ್ಟುಪಾಡಿತ್ತು. ತುಕ್ಕಿನ ಹೊಸ ಹಾಡನ್ನು ಯಾರೂ ಫೋನಿನಲ್ಲಿ ಕೇಳಕೂಡದು. ಫೋನಿನಲ್ಲಿ ಕೇಳುವುದೆಂದರೆ ಇನ್ನೊಬ್ಬರ ಎಂಜಲು ತಿಂದ ಹಾಗೆ. ತಟ್ಟೆ ಅಂಗಡಿಗೆ ಬರಬೇಕು, ನಾಲ್ವರೂ ಸೇರಿ ಒಂದನ್ನು ಕೊಳ್ಳಬೇಕು, ಅದು ಆ ಕೋಣೆಯಲ್ಲೇ ಇರಬೇಕು, ಕೊನೆಯ ಹಾಡು ಮುಗಿಯುವವರೆಗೆ ಯಾರೂ ತುಟಿಪಿಟಕ್ಕೆನ್ನಕೂಡದು. ಆಮೇಲೆ ಮೊದಲ ಮಾತು ಅವರಲ್ಲೊಬ್ಬನಾದ, ಲೇತ್ ಕೆಲಸದ ಟರ್ನರನದು. ಅವನದಾದ ಮೇಲೆ ಉಳಿದವರು ಹೊಟ್ಟೆ ತುಂಬ ಕಿತ್ತಾಡಬಹುದು. ಕಿತ್ತಾಟ ಮುಗಿದ ಮೇಲೆ ಅವನೇ ತೀರ್ಪು ಬರೆದು ಅಭಿಮಾನಿಗಳ ಪುಟದಲ್ಲಿ ಹಾಕಬೇಕು. ಆ ಪುಟವನ್ನು ಹನ್ನೊಂದು ಸಾವಿರ ಜನ ಓದುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಲೇತ್ ಮುಂದೆ ನಿಂತು ಕಬ್ಬಿಣ ಕಡೆಯುವವನಿಗೆ ಆ ಪುಟದಲ್ಲಿ ಎಲ್ಲರೂ ‘ಜಡ್ಜ್’ ಅನ್ನುತ್ತಿದ್ದರು. ಅನ್ನಿಸಿಕೊಂಡು ಅನ್ನಿಸಿಕೊಂಡು ಅವನಿಗೂ ಅದು ನಿಜವೆನ್ನಿಸಿಬಿಟ್ಟಿತ್ತು.

ಮೊದಲ ಮಾತು ಅವನದೇ ಯಾಕೆಂದರೆ ತುಕ್ಕಿನ ಡ್ರಮ್ಮರ್ ಅವನ ಸ್ವಂತ ಅಣ್ಣ.

ಅಣ್ಣನಿಗೆ ಹನ್ನೆರಡು, ಇವನಿಗೆ ಏಳು ವರ್ಷವಾಗಿದ್ದಾಗ ಅಮ್ಮ ಕೆಲಸಕ್ಕೆ ಹೋದ ಕೂಡಲೇ ಅಣ್ಣ ಎರಡು ಸೌಟು ಹಿಡಿದು ತಗಡಿನ ಟ್ರಂಕಿನ ಮುಂದೆ ಕೂತುಬಿಡುತ್ತಿದ್ದ. ‘ನಂಗೂ ಕೊಡೋ’ ಎಂದು ಇವನು ಗೋಗರೆದರೂ ಸೌಟು ಕೊಡುತ್ತಿರಲಿಲ್ಲ. ಆದರೆ ಬಾರಿಸುತ್ತ ಬಾರಿಸುತ್ತ ಮಧ್ಯೆ ಎಡಗೈಯಲ್ಲಿ ಟ್ರಂಕಿನ ಅಂಚಿಗೆ, ತಾಳಕ್ಕಿಂತ ಕೂದಲೆಳೆಯಷ್ಟು ಮೊದಲು, ಟಕ್ಕೆಂದು ಒಂದು ಏಟು ಹಾಕಿ, ‘ತಗೋ, ಇದು ನಿಂದು’ ಅನ್ನುತ್ತಿದ್ದ. ಇವನು ಅಳು ನಿಲ್ಲಿಸುತ್ತಿದ್ದ. ಟ್ರಂಕು ತಗ್ಗುಬಿದ್ದದ್ದಕ್ಕೆ ಸಂಜೆ ಇಬ್ಬರಿಗೂ ಸಮನಾಗಿ ಬೀಳುತ್ತಿತ್ತು.

ಬ್ಯಾಂಡು ಕಟ್ಟಿದ ಮೇಲೂ ಅಣ್ಣ ಆ ಏಟನ್ನು ಬಿಡಲಿಲ್ಲ. ಆರು ರೆಕಾರ್ಡು, ಆರರಲ್ಲೂ ಮೂರನೆಯ ಹಾಡು, ಕೊನೆಯ ಚರಣಕ್ಕೆ ಸ್ವಲ್ಪ ಮುಂಚೆ ಡ್ರಮ್ಮಿನ ಅಂಚಿಗೆ ಎಡಗೈಯ ಒಂದು ಟಕ್. ಉಳಿದವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ, ಕೇಳಿಸಿದವರು ಅದೊಂದು ಚಾಳಿ ಅಂದುಕೊಂಡರು. ಅಣ್ಣತಮ್ಮಂದಿರು ಅದರ ಬಗ್ಗೆ ಒಂದು ದಿನವೂ ಬಾಯಿಬಿಟ್ಟು ಮಾತಾಡಿದವರಲ್ಲ. ಪ್ರತಿ ಸಲ ಆ ಜಾಗ ಬಂದಾಗ ಟರ್ನರ್ ಮನಸ್ಸಿನಲ್ಲೇ ‘ಬಂತು’ ಅಂದುಕೊಳ್ಳುತ್ತಿದ್ದ. ಅಷ್ಟು ಸಾಕಿತ್ತು.

ಈ ಸಲ ಆ ಏಟು ಬೇಕೇ ಬೇಕಾಗಿತ್ತು. ಮೂರು ವರ್ಷದ ಹಿಂದೆ ಬ್ಯಾಂಡಿನವರು ಹಳೆಯ ಹಾಡುಗಾರನನ್ನು ಹೊರಗೆ ಹಾಕಿ ಒಬ್ಬ ಹುಡುಗಿಯನ್ನು ತಂದುಕೊಂಡಿದ್ದರು. ಹಳೆಯವನು ಟರ್ನರನ ಜೀವದ ಗೆಳೆಯ. ಅವನು ಅಭ್ಯಾಸಕ್ಕೆ ಬರುತ್ತಿರಲಿಲ್ಲ, ಬಂದರೂ ನೆಟ್ಟಗೆ ನಿಲ್ಲುತ್ತಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು, ಟರ್ನರನಿಗೂ ಗೊತ್ತಿತ್ತು. ಗೊತ್ತಿದ್ದೂ ಅಣ್ಣನ ಮನೆಗೆ ಹೋಗಿ, ಅತ್ತಿಗೆಯ ಮುಂದೆಯೇ, ‘ಬೆನ್ನಿಗೆ ಚೂರಿ ಹಾಕೋರು ನೀವು’ ಎಂದು ಕೂಗಾಡಿ ಬಂದ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತಾರಲ್ಲ, ಇವರಿಗೆ ಪಾಲು ಮಾಡಿಕೊಳ್ಳಲು ಆಸ್ತಿಯೂ ಇರಲಿಲ್ಲ, ಆದರೂ ದಾಯಾದಿಗಳಾದರು. ಆಮೇಲೆ ಅಣ್ಣನ ಬಲ ಭುಜದ ಆಪರೇಷನ್ ಆಯಿತು. ಟರ್ನರ್ ಆಸ್ಪತ್ರೆಗೆ ಒಂದೇ ಸಲ ಹೋಗಿ, ಕೂರದೆ ನಿಂತೇ ಇದ್ದು, ವಾಪಸ್ಸು ಬಂದ. ಆ ಏಟು ಬಂದರೆ ಅಣ್ಣ ಎಲ್ಲ ಮರೆತಿದ್ದಾನೆ ಎಂದರ್ಥ. ರೆಕಾರ್ಡು ಬರುತ್ತದೆಂಬ ಸುದ್ದಿ ಸಿಕ್ಕಾಗಿನಿಂದ ನಾಲ್ಕು ತಿಂಗಳು ಅವನು ಕಾದದ್ದು ರೆಕಾರ್ಡಿಗಲ್ಲ, ಅದಕ್ಕೆ.

ಮೂರನೆಯ ಹಾಡು ಬಂತು. ಕೊನೆಯ ಚರಣ ಹತ್ತಿರವಾಯಿತು. ಟರ್ನರ್ ಮುಂದಕ್ಕೆ ಬಾಗಿದ. ಟಕ್ಕೆನ್ನಬೇಕಾದ ಜಾಗದಲ್ಲಿ ಎಂಥದೋ ಒಂದು ಮಂಕು ಸದ್ದು, ನಿದ್ದೆಗಣ್ಣಿನಲ್ಲಿ ಎದ್ದವನು ಹೊಸಲು ಎಡವಿದ ಹಾಗೆ, ದೊಪ್ಪೆಂದು ಬಿತ್ತು. ಅಷ್ಟೇ. ಹಾಡು ಮುಂದಕ್ಕೆ ತೆವಳಿಕೊಂಡು ಹೋಯಿತು.

ಟರ್ನರನ ಎದೆ ಬರಿದಾಯಿತು. ಅವನ ಜಾತಕವೇ ಹಾಗೆ, ಬೇರೆಯವರಿಗೆ ಅಳು ಬರುವ ಕಡೆ ಅವನಿಗೆ ಸಿಟ್ಟು ಬರುತ್ತದೆ. ತೆಗೆದುಬಿಟ್ಟಿದ್ದಾನೆ, ನನ್ನ ಏಟನ್ನೇ ತೆಗೆದುಹಾಕಿದ್ದಾನೆ ಅಂದುಕೊಂಡ. ಉಳಿದ ಐದು ಹಾಡು ಅವನ ಕಿವಿಗೆ ಬಿದ್ದವೋ ಇಲ್ಲವೋ ದೇವರಿಗೇ ಗೊತ್ತು. ಕೊನೆಯ ತಟ್ಟೆ ನಿಂತಾಗ ಅವನು ಹೇಳಿದ ಮೊದಲ ಮಾತು ಒಂದೇ: “ದರಿದ್ರ.”

“ಅಷ್ಟೇನಾ?” ಎಂದ ಅಂಗಡಿಯವನು.

“ಇನ್ನೇನ್ ಬೇಕು? ನಮ್ ವರ್ಕ್‌ಶಾಪಿನ ನಲ್ಲಿ ತೊಟ್ಟಿಕ್ಕೋದೂ ಇದಕ್ಕಿಂತ ಜೋರು.”

ಕಟ್ಟೆ ಒಡೆಯಿತು. ಶಾಲೆಯಲ್ಲಿ ಚಿತ್ರ ಬಿಡಿಸುವುದನ್ನು ಕಲಿಸುವ ಮೇಷ್ಟ್ರು ಎದ್ದೇ ನಿಂತರು. “ಹಾಡೋದಕ್ಕೆ ಹುಡುಗಿ ಅಂದ್ರು. ಇದು ಹುಡುಗಿ ದನೀನಾ? ಕೋಣದ್ದು! ಮಷೀನಿಗೆ ಹಾಕಿ ದಪ್ಪ ಮಾಡಿದಾರೆ, ನೂರಕ್ಕೆ ನೂರು. ಎಂಟು ಹಾಡಿಗೆ ಎರಡು ತಟ್ಟೆ ಬೇರೆ. ಎಳೆದೂ ಎಳೆದೂ ಒಂದರಲ್ಲಿ ಹಿಡಿಸಿಲ್ಲ.”

“ಜನ ಸುಮ್ನೆ ಬಿಡ್ತಾರಾ?” ಅಂಗಡಿಯವನು ಬೆರಳು ಮಡಿಸಿದ. “ಮೊದಲನೇದು ‘ಸುತ್ತಿಗೆ’ ಬಂದಾಗ ಬಾಗಿಲು ತೆಗೆಯೋ ಮುಂಚೆ ಬೀದಿ ಮೂಲೆವರೆಗೂ ಸಾಲು. ಇನ್ನೂರು ತರಿಸಿದ್ದೆ, ಎರಡೇ ದಿನ. ನಾಲ್ಕನೇದು ಎಂಬತ್ತು ಹೋಯ್ತು. ಆರನೇದು ಮೂವತ್ತಕ್ಕೆ ನಿಂತು ಧೂಳು ಹಿಡೀತು. ಇದು ಇಪ್ಪತ್ತು ತರಿಸಿದೀನಿ, ಹೋಗಿರೋದು ನಾಲ್ಕು. ಅದರಲ್ಲಿ ಒಂದು ನಮ್ದೇ.”

“ಎಲ್ಲಾರ್ದೂ ಕಡಿಮೆ ಆಗಿದೆ ಕಣ್ರೀ, ಎಲ್ಲಾ ಫೋನಲ್ಲೇ ಕೇಳ್ತಾರೆ,” ಎಂದರು ಹಲ್ಲಿನ ಡಾಕ್ಟರು. ಅವರು ತಣ್ಣಗಿನ ಮನುಷ್ಯ. “ಅದೂ ಅಲ್ದೆ, ನಿಜ ಹೇಳ್ಬೇಕು ಅಂದ್ರೆ ನನಗೆ ಇದು ಹಿಡಿಸ್ತು. ಏನೋ ಒಂದು ಭಾರ ಇದೆ. ನಿಧಾನಕ್ಕೆ ಎದೆ ಮೇಲೆ ಕೂರುತ್ತೆ.”

“ಹಲ್ಲು ಕೀಳೋರಿಗೆ ನಿಧಾನವೇ ಚೆಂದ,” ಎಂದು ಟರ್ನರ್ ಸಿಡಿದ. “ಫೋನಂತೆ ಫೋನು! ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ. ಹಾಡುಗಾರ್ತಿನೂ ಅಲ್ಲ, ಫೋನೂ ಅಲ್ಲ. ಅವನ ಕೈ ಹೋಗಿದೆ. ಡ್ರಮ್ಮು ತೆವಳಿದ್ರೆ ಬ್ಯಾಂಡೆಲ್ಲ ತೆವಳುತ್ತೆ. ಅದನ್ನೇ ಬರೀತೀನಿ.”

ಅಂಗಡಿಯವನ ಮುಖ ಬದಲಾಯಿತು. ಅವನು ಮೆಲ್ಲಗೆ, “ಅದೊಂದು ಬೇಡ ಮಾರಾಯ. ಗಡ್ಡದವನು ಕಾಯ್ತಾ ಕೂತಿದಾನೆ” ಎಂದ. ಗಡ್ಡದವನೆಂದರೆ ತುಕ್ಕಿನ ಗಿಟಾರಿನವನು, ಬ್ಯಾಂಡಿನ ಯಜಮಾನಿಕೆ ಅವನದು. “ಆಪರೇಷನ್ ಆದಾಗಿಂದ ನಿಮ್ಮಣ್ಣನ್ನ ಬದಲಾಯಿಸಬೇಕು ಅಂತ ಅವನಿಗಿದೆ. ಅಭಿಮಾನಿಗಳು ಏನಂತಾರೆ ನೋಡಿ ತೀರ್ಮಾನ ಮಾಡ್ತೀನಿ ಅಂದಿದಾನಂತೆ. ನೀನು ಬರೆದ್ರೆ ಮುಗೀತು.”

ಮೇಷ್ಟ್ರೂ ತಗ್ಗಿದರು. “ಹಾಡುಗಾರ್ತಿನ ಬಯ್ಯೋಣ, ಸಾಕು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತೇನಪ್ಪ?”

ಹೇಳಬೇಕಾದವರು ಹೇಳಿದರು. ಕೇಳಬೇಕಾದವನು ಅಲ್ಲೇ ಅಂಗಡಿಯ ಮೇಜಿನ ಮೇಲೆ ಫೋನು ಇಟ್ಟುಕೊಂಡು ಬರೆದ. ರೆಕಾರ್ಡೆಲ್ಲ ನಿಧಾನ ಎಂದು ಶುರುಮಾಡಿದ ಆ ತೀರ್ಪಿನ ಕೊನೆಗೆ ಇದ್ದದ್ದು ಇಷ್ಟು: ‘ಡ್ರಮ್ಮರನ ಕೈ ಸತ್ತಿದೆ. ಮೂರನೆಯ ಹಾಡಿನ ಕೊನೆಯ ಚರಣಕ್ಕೆ ಮುಂಚೆ ಎಡಗೈ ಹೇಗೆ ಮುಗ್ಗರಿಸುತ್ತದೆ ಎಂಬುದು ಕಿವಿ ಇರುವ ಯಾರಿಗಾದರೂ ಕೇಳಿಸುತ್ತದೆ. ಆ ಮುಗ್ಗರಿಸುವ ಏಟು ನಮಗೆ ಬೇಡ. ಮರ್ಯಾದೆ ಇದ್ದರೆ ತಾನಾಗಿ ಏಳಲಿ. ಇದನ್ನು ಬೇರೆ ಯಾರೋ ಅಲ್ಲ, ಅವನ ತಮ್ಮನೇ ಹೇಳುತ್ತಿದ್ದೇನೆ.’

ಕೊನೆಯ ವಾಕ್ಯವನ್ನು ಎರಡು ಸಲ ಅಳಿಸಿ, ಮತ್ತೆ ಬರೆದು, ಪುಟಕ್ಕೆ ಹಾಕಿಬಿಟ್ಟ.

ಬೆಂಕಿ ಹತ್ತಿಕೊಂಡಿತು. ‘ಜಡ್ಜ್ ಹೇಳಿದ ಮೇಲೆ ಮುಗೀತು’, ‘ಸ್ವಂತ ತಮ್ಮನೇ ಹೇಳ್ತಿದಾನೆ ಅಂದ್ರೆ ನೋಡಿ’, ‘ನಾನಂತೂ ಕೊಳ್ಳಲ್ಲ’ ಎಂದು ಸಂಜೆಯೊಳಗೆ ಸಾವಿರಾರು ಜನ ತಲೆಯಾಡಿಸಿದರು. ಅವರಲ್ಲಿ ಮುಕ್ಕಾಲು ಪಾಲು ಜನ ಆ ರೆಕಾರ್ಡನ್ನು ಫೋನಿನಲ್ಲೂ ಕೇಳಿರಲಿಲ್ಲ, ತಟ್ಟೆಯಲ್ಲೂ ಕೇಳಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ‘ಮಿಡತೆ’ ಎಂಬ ಹೆಸರಿನವರೊಬ್ಬರು ಮಾತ್ರ ಬಿಡದೆ ಕೇಳಿದರು: ‘ಯಾವ ನಿಧಾನ ಸ್ವಾಮಿ? ಐದನೇ ಹಾಡಿಗೆ ತಲೆ ಕುಣಿಸಿ ನನ್ನ ಕತ್ತು ಹಿಡ್ಕೊಂಡಿದೆ.’ ಟರ್ನರ್ ಉತ್ತರ ಬರೆದ: ‘ಫೋನ್ ಕಿವಿಯವರು ದೊಡ್ಡವರ ಮಧ್ಯೆ ಬಾಯಿ ಹಾಕಬೇಡಿ.’ ಮಿಡತೆ ಮತ್ತೆ ಬರೆಯಿತು: ‘ಸಾರ್, ನೀವು ಕೇಳಿದ್ದೂ ನಾನು ಕೇಳಿದ್ದೂ ಒಂದೇ ರೆಕಾರ್ಡಾ? ಒಂದ್ಸಲ ನೋಡ್ಕೊಳ್ಳಿ.’ ಅವನು ಮಿಡತೆಯನ್ನು ಪುಟದಿಂದಲೇ ಆಚೆ ಹಾಕಿದ.

ಅಣ್ಣನಿಂದ ಫೋನು ಬರಲಿಲ್ಲ. ಬೈದಾದರೂ ಬೈಯುತ್ತಾನೆ ಎಂದು ಟರ್ನರ್ ಒಂದು ವಾರ ಫೋನನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಲೇತ್ ಓಡಿಸಿದ. ಹದಿನಾರನೆಯ ದಿನ ಬ್ಯಾಂಡಿನ ಎರಡು ಸಾಲಿನ ಪ್ರಕಟಣೆ ಬಂತು. ‘ನಮ್ಮ ಡ್ರಮ್ಮರ್ ಇನ್ನು ನಮ್ಮೊಂದಿಗೆ ಇರುವುದಿಲ್ಲ. ಅವರ ನಿರ್ಧಾರವನ್ನು ಗೌರವಿಸುತ್ತೇವೆ.’

ಅಂದು ಊಟಕ್ಕೆ ಕೂತಾಗ ಹೆಂಡತಿ ತಟ್ಟೆ ಇಟ್ಟ ಸದ್ದಿಗೇ ಅವಳು ಸಿಟ್ಟಾಗಿದ್ದಾಳೆಂದು ಅವನಿಗೆ ಗೊತ್ತಾಯಿತು.

“ಅಕ್ಕ ಫೋನ್ ಮಾಡಿದ್ರು,” ಎಂದಳು. ಅಕ್ಕನೆಂದರೆ ಅವಳ ವಾರಗಿತ್ತಿ, ಅಣ್ಣನ ಹೆಂಡತಿ. “ಆಪರೇಷನ್ ಆದ್ಮೇಲೆ ನಿಮ್ಮಣ್ಣ ದಿನಾ ಊಟದ ಬಿಡುವಿನಲ್ಲಿ ಒಂದು ಹಳೇ ಟೈರ್ ಇಟ್ಕೊಂಡು ಅದರ ಮೇಲೆ ಬಡೀತಿದ್ರಂತೆ. ಎರಡು ವರ್ಷ. ಕೈ ಎತ್ತಕ್ಕಾಗದೆ ಅಳ್ತಿದ್ರಂತೆ, ಅತ್ತು ಮತ್ತೆ ಬಡೀತಿದ್ರಂತೆ. ಇಷ್ಟ್ ಮಾಡಿದೋರ್ಗೆ ಕೈ ಸತ್ತಿದೆ ಅಂತ ಬರೆದ್ರಲ್ಲ ನೀವು.”

“ಬಡಿದಿದ್ರೆ ಕೇಳಿಸಬೇಕಿತ್ತಲ್ಲ!” ಎಂದು ಟರ್ನರ್ ತಟ್ಟೆ ತಳ್ಳಿದ. “ನನ್ ಕಿವಿ ಕೆಟ್ಟಿಲ್ಲ!”

“ಕಿವಿ ಬಗ್ಗೆ ಯಾರ್ ಮಾತಾಡಿದ್ರು ಈಗ?” ಎಂದು ಅವಳು ಎದ್ದು ಹೋದಳು.

ಮರುದಿನ ವರ್ಕ್‌ಶಾಪಿನಲ್ಲಿ ಎದುರಿಗೆ ಬಂದವರಿಗೆಲ್ಲ ಬೈಗುಳ. ಪಕ್ಕದ ಲೇತಿನವನು ಹಿಂದಿನ ದಿನದ ಸ್ಪೀಡಿನಲ್ಲೇ ಹೊಸ ಜಾಬ್, ಅಂದರೆ ಕಡೆಯಬೇಕಾದ ಕಬ್ಬಿಣದ ತುಂಡು, ಹಾಕಿ ಟೂಲಿನ ಮೂತಿ ಹಾರಿಸಿಕೊಂಡಾಗ ಟರ್ನರ್ ಕೆಂಡಾಮಂಡಲವಾದ. “ಎಷ್ಟು ಸಲ ಹೇಳ್ಬೇಕ್ರೀ? ಜಾಬ್ ಬದಲಾದ್ರೆ ಮೊದಲು ಸ್ಪೀಡ್ ನೋಡಿ! ಲಿವರ್ ಎಲ್ಲಿದೆ ಅಂತ ನೋಡದೆ ಕೈ ಹಾಕಿದ್ರೆ ಕಬ್ಬಿಣದ್ದಲ್ಲ, ನಿಮ್ ತಪ್ಪು!” ಆ ಮನುಷ್ಯ ಇವನಿಗಿಂತ ಮೂರು ವರ್ಷ ದೊಡ್ಡವನು. ಅವನು ಟೂಲು ಬಿಚ್ಚಿದ.

ಮಧ್ಯಾಹ್ನದ ಬಿಡುವಿನಲ್ಲಿ ಮಷೀನುಗಳು ನಿಂತು ಶೆಡ್ಡು ಸದ್ದಡಗಿದಾಗ ಮಿಲ್ಲಿಂಗ್ ಮಷೀನಿನವಳು ತನ್ನ ಜಾಗದಲ್ಲಿ ಊಟದ ಡಬ್ಬಿ ಬಿಚ್ಚಿ, ಪಕ್ಕದಲ್ಲಿ ಫೋನು ನಿಲ್ಲಿಸಿ ಹಾಡು ಹಾಕಿದಳು. ಅವಳು ಕೆಲಸಕ್ಕೆ ಸೇರಿ ಎರಡು ವರ್ಷ, ಇವನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಿದವಳಲ್ಲ. ಡ್ರಮ್ಮು ಶುರುವಾಗುತ್ತಲೇ ಕೈ ತೊಳೆಯುತ್ತಿದ್ದ ಟರ್ನರ್ ನಲ್ಲಿ ನಿಲ್ಲಿಸುವುದನ್ನೂ ಮರೆತು ತಿರುಗಿದ. ಆಲಿಕಲ್ಲು ತಗಡಿಗೆ ಬಿದ್ದ ಹಾಗೆ ಬೀಳುತ್ತಿದ್ದ ಆ ಏಟುಗಳನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲ. ನಾಲ್ಕು ಹೆಜ್ಜೆಗೆ ಅವಳ ಮುಂದೆ ಬಂದು ನಿಂತ.

“ನೋಡಮ್ಮ, ಇದು! ಇದು ತುಕ್ಕು! ನಮ್ಮಣ್ಣನ ಕೈ ಅಂದ್ರೆ ಇದು,” ಎಂದ. “ಭುಜ ಹೋಗೋ ಮುಂಚಿನದು. ಎರಡನೇ ರೆಕಾರ್ಡಿನ ಕಾಲದ್ದು ಇರ್ಬೇಕು, ನಾನು ಕೇಳೇ ಇಲ್ವಲ್ಲ ಇದನ್ನ. ಎಲ್ಲಿ ಸಿಕ್ತು?”

ಅವಳು ತುತ್ತು ಕೈಯಲ್ಲಿ ಹಿಡಿದುಕೊಂಡೇ ಅವನನ್ನು ನೋಡಿದಳು. “ಇದು ‘ಹೆಣಭಾರ’ ಸಾರ್. ಮೂರನೇ ಹಾಡು.”

“ತಮಾಷೆ ಬೇಡ.”

“ತಮಾಷೆ ಯಾಕ್ ಮಾಡ್ಲಿ? ಹಾಡ್ತಿರೋದು ಯಾರು ಕೇಳಿ.” ಹೌದು, ಹೆಂಗಸಿನ ದನಿ. ಗಂಟಲು ಹರಿದು ಕೂಗುತ್ತಿದ್ದ, ಕೋಣದ್ದಲ್ಲದ, ಹುಡುಗಿಯ ದನಿ. “ಒಂದ್ಸಲ ನೋಡ್ಕೊಳ್ಳಿ ಅಂತ ನಾನು ಬರೆದಿದ್ದೆ. ಆಚೆ ಹಾಕಿದ್ರಿ. ಮಿಡತೆ ಅಂದ್ರೆ ನಾನೇ.”

ಅವನು ಉತ್ತರ ಕೊಡುವ ಮೊದಲೇ ಹಾಡು ಕೊನೆಯ ಚರಣದ ಹತ್ತಿರ ಬಂತು. ತಾಳಕ್ಕಿಂತ ಕೂದಲೆಳೆಯಷ್ಟು ಮೊದಲು, ಡ್ರಮ್ಮಿನ ಅಂಚಿಗೆ, ಎಡಗೈಯಲ್ಲಿ, ಟಕ್.

ತಗೋ, ಇದು ನಿಂದು.

ಟರ್ನರ್ ಬಿಡುವು ಮುಗಿಯುವ ಗಂಟೆಗೂ ಕಾಯಲಿಲ್ಲ, ಯಾರಿಗೂ ಹೇಳಲಿಲ್ಲ. ಎಣ್ಣೆ ಹಿಡಿದ ಬಟ್ಟೆಯಲ್ಲೇ ಮೂರು ಬೀದಿ ದಾಟಿ ರೆಕಾರ್ಡ್ ಅಂಗಡಿಗೆ ನುಗ್ಗಿ, ಹಿಂದಿನ ಕೋಣೆಯ ಕಪಾಟಿನಿಂದ ‘ಹೆಣಭಾರ’ ಎಳೆದು ದೀಪಕ್ಕೆ ಹಿಡಿದ. ತಟ್ಟೆಯ ನಡುವಿನ ಕಾಗದ ಕಪ್ಪು, ಅದರ ಮೇಲಿನ ಅಕ್ಷರವೂ ಕಪ್ಪು. ವಾರೆ ಮಾಡಿ ನೋಡಿದಾಗ ಅಂಚಿನಲ್ಲಿ ಇರುವೆಯಷ್ಟು ಸಣ್ಣದಾಗಿ ಕಂಡಿತು: ನಲವತ್ತೈದು. ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗಬೇಕಾದ ತಟ್ಟೆ. ಸದ್ದು ಚೆನ್ನಾಗಿರಲೆಂದು ಹಾಗೆ ಮಾಡಿದ್ದರು, ಅದಕ್ಕೇ ಎರಡು ತಟ್ಟೆ. ಹಿಂದಿನ ಆರೂ ಮೂವತ್ತಮೂರು ಸುತ್ತಿನವು; ನಲವತ್ತೈದರದನ್ನು ಆ ವೇಗದಲ್ಲಿ ಹಾಕಿದರೆ ಹಾಡು ತೆವಳುತ್ತದೆ, ದನಿ ದಪ್ಪವಾಗುತ್ತದೆ. ತಟ್ಟೆ ತಿರುಗಿಸುವ ಮಷೀನಿನ ಸ್ಪೀಡಿನ ಗುಂಡಿಯನ್ನು ಯಾರೂ ಮುಟ್ಟದಿರಲೆಂದು ಅಂಗಡಿಯವನು ಹತ್ತು ವರ್ಷದ ಹಿಂದೆ ಮೂವತ್ತಮೂರಕ್ಕೆ ಇಟ್ಟು ಮೇಲೆ ಟೇಪು ಅಂಟಿಸಿದ್ದ. ಟೇಪು ಹಳದಿಯಾಗಿ ಮಷೀನಿನದೇ ಚರ್ಮವಾಗಿಬಿಟ್ಟಿತ್ತು. ಟರ್ನರ್ ಅದನ್ನು ಉಗುರಿನಿಂದ ಕೆರೆದು ಕಿತ್ತ.

ಅಂಗಡಿಯವನು ತಲೆ ಮೇಲೆ ಕೈಹೊತ್ತು ಕೂತ. ಎದುರಿನ ಬೀದಿಯ ಕ್ಲಿನಿಕ್ಕಿನಿಂದ ಡಾಕ್ಟರನ್ನು ಕರೆಸಿದರು. ಮೇಷ್ಟ್ರು ಶಾಲೆಯಿಂದ ಫೋನಿನಲ್ಲೇ, “ಅಯ್ಯೋ ಅಯ್ಯೋ” ಎಂದರು. ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿ ಇಡೀ ರೆಕಾರ್ಡು ಕೇಳಿದರು. ಕೋಣೆಯ ಕಿಟಕಿ ಗಾಜು ಅದುರಿತು. ಆರನೆಯದಕ್ಕಿಂತ ಚೆನ್ನಾಗಿತ್ತು, ಐದನೆಯದಕ್ಕಿಂತಲೂ. ಬಹುಶಃ ‘ಸುತ್ತಿಗೆ’ಗೇ ಸಮ.

“ನನಗೆ ನಿಧಾನದ್ದೇ ಹಿಡಿಸ್ತು,” ಎಂದರು ಡಾಕ್ಟರು.

“ಬಾಯ್ ಮುಚ್ಚಿ ಡಾಕ್ಟ್ರೇ!” ಎಂದು ಟರ್ನರ್ ಕೂಗಿದ ರಭಸಕ್ಕೆ ಅಂಗಡಿಗೆ ಬಂದಿದ್ದ ಗಿರಾಕಿ ಹಾಗೆಯೇ ಹೊರಟುಹೋದ. “ನಾಲ್ಕು ಜನ! ಎಂಟು ಕಿವಿ! ಒಬ್ಬನಿಗಾದ್ರೂ ಅನ್ನಿಸ್ಬೇಡ್ವಾ? ಆ ಟೇಪು ಅಂಟಿಸಿದ ಕೈಗೆ—” ಎಂದು ಅಂಗಡಿಯವನ ಕಡೆ ತಿರುಗಿದ. ಅಂಗಡಿಯವನು ಬಹಳ ವರ್ಷದ ಗೆಳೆಯ. ಅವನೂ ಎದ್ದು ನಿಂತ.

“ಟೇಪು ನಂದು. ಒಪ್ಕೊಂಡೆ. ಕೈ ಸತ್ತಿದೆ ಅಂತ ಬರೆದಿದ್ದು ಯಾರು? ಬರೀಬೇಡ ಅಂತ ಕೈ ಮುಗಿದವನು ನಾನು.”

ಟರ್ನರ್ ಇಂಗು ತಿಂದ ಮಂಗನ ಹಾಗೆ ನಿಂತ. ಆಮೇಲೆ ಅಲ್ಲೇ, ಅದೇ ಮೇಜಿನ ಮೇಲೆ, ತಪ್ಪೊಪ್ಪಿಗೆ ಬರೆದ. ಸ್ಪೀಡು ತಪ್ಪಾಗಿತ್ತು, ಕೈ ಸತ್ತಿಲ್ಲ, ಅಣ್ಣನಷ್ಟು ಜೋರಾಗಿ ಬಾರಿಸುವವರು ಇಲ್ಲ, ಎಲ್ಲರೂ ರೆಕಾರ್ಡು ಕೊಳ್ಳಿ, ಬ್ಯಾಂಡಿನವರು ಅಣ್ಣನನ್ನು ವಾಪಸ್ಸು ಕರೆಯಲಿ. ಮಿಡತೆಯನ್ನು ಕ್ಷಮೆ ಕೇಳಿ ಒಳಗೆ ಸೇರಿಸಿದ. ತೀರ್ಪನ್ನು ಹನ್ನೊಂದು ಸಾವಿರ ಜನ ಓದಿ ಊರೆಲ್ಲ ಹಂಚಿದ್ದರು. ತಪ್ಪೊಪ್ಪಿಗೆಯನ್ನು ಓದಿದವರು ಗಂಟೆಯಾದರೂ ನಲವತ್ತು ಜನ ದಾಟಲಿಲ್ಲ. ಅವರಲ್ಲೂ ಒಬ್ಬ, ‘ಅಣ್ಣನ ಕಡೆಯಿಂದ ಒತ್ತಡ ಬಂತಾ ಜಡ್ಜೇ?’ ಎಂದು ಬರೆದಿದ್ದ. ಇನ್ನೊಬ್ಬ, ‘ಹೊಸ ಡ್ರಮ್ಮರ್ ಹುಡುಗ ಬೆಂಕಿಯಂತೆ, ಹಳೇದು ಬಿಡಿ’ ಅಂದಿದ್ದ. ಟರ್ನರನಿಗೆ ಆ ಹನ್ನೊಂದು ಸಾವಿರ ಜನರ ಕತ್ತನ್ನೂ ಒಂದೊಂದಾಗಿ ಹಿಚುಕಬೇಕೆನ್ನಿಸಿತು. ಅವರನ್ನೆಲ್ಲ ಸಾಕಿದವನು ತಾನೇ ಎಂಬುದೂ ಅದೇ ಗಳಿಗೆ ಅವನಿಗೆ ಹೊಳೆಯಿತು.

ಅಣ್ಣ ಕೆಲಸ ಮಾಡುತ್ತಿದ್ದದ್ದು ಸವೆದ ಟೈರುಗಳಿಗೆ ಹೊಸ ರಬ್ಬರು ಹಚ್ಚುವ ಒಂದು ಶೆಡ್ಡಿನಲ್ಲಿ. ಟರ್ನರ್ ಅಲ್ಲಿಗೆ ಹೋದಾಗ ಸಂಜೆ ಐದಾಗಿತ್ತು. ಅಣ್ಣ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಿರುಗುವ ಲಾರಿ ಟೈರಿನ ಮೈ ಉಜ್ಜುತ್ತಿದ್ದ. ರಬ್ಬರಿನ ಕರಿ ಪುಡಿ ಅವನ ತಲೆಗೂದಲ ಮೇಲೆಲ್ಲ ಕೂತಿತ್ತು. ಗೋಡೆಯ ಪಕ್ಕ ಒಂದು ಹಳೆಯ ಟೈರು ಮಲಗಿತ್ತು, ಅದರ ಮೇಲ್ಮೈ ಎರಡು ಕಡೆ ತಟ್ಟೆಯಷ್ಟಗಲ ಸವೆದು ಹೊಳೆಯುತ್ತಿತ್ತು. ಎರಡು ವರ್ಷ ಬಡಿದದ್ದು ಅದನ್ನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಏನು, ಜಡ್ಜ್ ಸಾಹೇಬ್ರು ಇಷ್ಟು ದೂರ?” ಎಂದ ಅಣ್ಣ, ಮಷೀನು ನಿಲ್ಲಿಸದೆ.

“ಅಣ್ಣಾ, ತಪ್ಪಾಯ್ತು. ಸ್ಪೀಡ್ ತಪ್ಪು ಹಾಕಿದ್ವಿ. ನಲವತ್ತೈದರ ತಟ್ಟೆ, ಮೂವತ್ತಮೂರಲ್ಲಿ ಕೇಳಿದ್ವಿ.”

ಅಣ್ಣ ಮಷೀನು ನಿಲ್ಲಿಸಿದ. ಮೂಗಿನ ಬಟ್ಟೆ ಕೆಳಕ್ಕೆಳೆದ. ನಿಧಾನವಾಗಿ ಅವನ ಭುಜ ಕುಲುಕತೊಡಗಿತು. ನಗುತ್ತಿದ್ದ. ನಕ್ಕು ನಕ್ಕು ಕೆಮ್ಮು ಬಂತು. “ಇಪ್ಪತ್ತಾರು ವರ್ಷ ಲೇತ್ ಓಡಿಸ್ದೋನು! ಸ್ಪೀಡ್ ನೋಡ್ದೆ ಜಾಬಿಗೆ ಕೈ ಹಾಕಿದ್ಯಾ?” ಟರ್ನರನಿಗೂ ಜೀವ ಬಂದಂತಾಯಿತು. ನಗುತ್ತಿದ್ದಾನೆ ಎಂದರೆ ಮುಗಿಯಿತು, ಬೈದು ಸುಮ್ಮನಾಗುತ್ತಾನೆ ಅಂದುಕೊಂಡ.

“ಗಡ್ಡದವನ ಹತ್ರ ನಾನೇ ಹೋಗ್ತೀನಿ ಅಣ್ಣ. ಕಾಲು ಬೇಕಾದ್ರೂ ಹಿಡೀತೀನಿ. ಪುಟದಲ್ಲೂ ಬರೆದಿದೀನಿ.”

ಅಣ್ಣನ ನಗು ನಿಂತಿತು. “ಮೂರನೇ ಹಾಡು ಕೇಳಿದ್ಯಾ?”

“ಕೇಳ್ದೆ. ಇವತ್ತು ಕೇಳ್ದೆ.” ಟರ್ನರ್ ತಲೆ ತಗ್ಗಿಸಿದ. “ನೀನು ತೆಗೆದುಹಾಕಿದೀಯ ಅಂದ್ಕೊಂಡಿದ್ದೆ. ಆ ಸಿಟ್ಟಿಗೇ ಬರೆದೆ.”

“ತೆಗೆಯೋದು?” ಅಣ್ಣನ ದನಿ ಏರಿತು. “ಸ್ಟುಡಿಯೋದಲ್ಲಿ ಗಡ್ಡದವನು, ಇದೊಂದು ಏಟು ತಪ್ಪು ಬಿದ್ದಿದೆ, ತೆಗೀತೀನಿ ಅಂದ. ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ದೆ. ಮನೇಗ್ ಬಂದು ನಿಮ್ಮತ್ತಿಗೆ ಮುಂದೆ ನನ್ನ ಉಗಿದು ಹೋದೋನಿಗೋಸ್ಕರ. ಆಸ್ಪತ್ರೇಲಿ ಕೂರಕ್ಕೂ ಆಗ್ದೆ ಇದ್ದೋನಿಗೋಸ್ಕರ.”

“ಅಣ್ಣಾ...”

“ಕೈ ಸತ್ತಿದೆ ಅಂತ ಬರೆದ್ಯಲ್ಲ, ಅದಕ್ಕೆ ನನಗೆ ಒಂದ್ಚೂರೂ ಬೇಜಾರಿಲ್ಲ ಕಣೋ. ಬಾರಿಸಿ ತೋರಿಸ್ತಿದ್ದೆ. ಆ ಇನ್ನೊಂದು ಸಾಲು ಬರೆದೆ ನೋಡು, ‘ಆ ಮುಗ್ಗರಿಸುವ ಏಟು ನಮಗೆ ಬೇಡ’ ಅಂತ. ಜಾಗ ಸಮೇತ ಬರೆದೆ. ಪ್ರಪಂಚದ ಮೇಲೆ ಆ ಏಟು ಯಾವುದು ಅಂತ ಗೊತ್ತಿರೋದು ಇಬ್ಬರಿಗೆ. ನಾನು ಓದಿದ್ದು ಹೇಗೆ ಅಂತ ಯೋಚನೆ ಮಾಡು. ಬೇಡ್ವಂತೆ, ವಾಪಸ್ ಮುಖಕ್ಕೆ ಎಸೆದ ಅಂತ ಓದ್ಕೊಂಡೆ. ಹನ್ನೊಂದು ಸಾವಿರ ಜನರ ಮುಂದೆ.” ಅವನು ಗೋಡೆಯ ಪಕ್ಕದ ಟೈರನ್ನು ನೋಡಿದ. “ಗಡ್ಡದವನು ಬಂದು, ನಿನ್ ತಮ್ಮನೇ ಹೇಳ್ತಿದಾನಲ್ಲ ಅಂದ. ಜಗಳ ಆಡಿದ್ರೆ ನನ್ನನ್ನ ಏಳಿಸೋಕೆ ಆಗ್ತಿರ್ಲಿಲ್ಲ ಅವನಿಗೆ. ಆಡ್ಲಿಲ್ಲ. ಯಾರಿಗೋಸ್ಕರ ಆಡ್ಬೇಕಿತ್ತು ಹೇಳು?”

ಜೀವಮಾನವೆಲ್ಲ ಟರ್ನರನ ಕೈಗೆ ಸಿಗುತ್ತಿದ್ದ ಸಿಟ್ಟು ಕೂಡ ಆಗ ಸಿಗಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತು.

“ವಾಪಸ್ ಹೋಗು ಅಣ್ಣ,” ಎಂದ ಕೊನೆಗೆ. “ಕರೀತಾರೆ. ಕರೆಸ್ತೀನಿ. ಹೋಗು.”

“ಡ್ರಮ್ಮಿನ ಸೆಟ್ಟು ಆ ಹೊಸ ಹುಡುಗನಿಗೆ ಕೊಟ್ಟಾಯ್ತು. ಒಳ್ಳೆ ಕೈ ಅವನದು, ಗಡಿಯಾರದ ಹಾಗೆ. ಕೂದಲೆಳೆಯಷ್ಟೂ ಆಚೆ ಈಚೆ ಆಗಲ್ಲ.” ಅಣ್ಣ ಮೂಗಿನ ಬಟ್ಟೆ ಮೇಲಕ್ಕೆಳೆದು ಕಟ್ಟಿಕೊಂಡ. ಬಟ್ಟೆಯ ಒಳಗಿನಿಂದ ಅವನ ದನಿ ಮಂಕಾಗಿ ಬಂತು. “ಎಂಟನೇದು ಬಂದಾಗ ಸ್ಪೀಡ್ ನೋಡ್ಕೊಂಡೇ ಕೇಳು. ಅದರಲ್ಲಿ ನಿಂದು ಅಂತ ಏನೂ ಇರಲ್ಲ.”

ಅವನು ಮಷೀನಿನ ಗುಂಡಿ ಒತ್ತಿದ. ಟೈರು ತಿರುಗತೊಡಗಿತು.